ಅಪ್‌ಡೇಟ್: ಜೇಬಿನಲ್ಲೊಂದು ಕನ್ನಡ ದನಿ ಸಿಕ್ಕಿತು
ಕಣ್ಣು ಕಾಣದ ನನಗೆ, ಹೋದಲ್ಲೆಲ್ಲ ಜೊತೆಗೊಯ್ಯಬಹುದಾದ, ಕನ್ನಡ ಓದುವ ಮುಕ್ತ ತಂತ್ರಾಂಶ ಯಾವುದಿದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆ.

ಫೋನಿನಲ್ಲಿ ಈಗ ಬರಹವನ್ನು ದನಿಯಾಗಿಸುವ ಇಸ್ಪೀಕ್ ಎನ್‌ಜಿ ಹಾಕಿಕೊಂಡು, ಪರದೆಯಲ್ಲಿರುವುದನ್ನು ಓದಿ ಹೇಳಿಸುವ ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಜೊತೆ ಬಳಸುತ್ತಿದ್ದೇನೆ. ದನಿ ಯಾಂತ್ರಿಕ, ನಿಜ. ಆದರೆ ವೇಗ ಏರಿಸಿದರೂ ಅಕ್ಷರ ಸ್ಪಷ್ಟ, ಇಂಟರ್ನೆಟ್ ಬೇಡ, ಜಾಗವೂ ಕೆಲವೇ ಎಂಬಿ. ಕತೆ ಕೇಳಲು ಬೇರೆ ದನಿ ಇರಲಿ, ಕೆಲಸಕ್ಕೆ ನನಗಂತೂ ಇದೇ ಇಷ್ಟ.

ಬೇರೆಯವರ ವಿಂಡೋಸ್ ಕಂಪ್ಯೂಟರ್ ಬಳಸುವಾಗ ಪೆನ್‌ಡ್ರೈವ್‌ನಲ್ಲಿ ಎನ್‌ವಿಡಿಎ ಎಂಬ ಪರದೆ ಓದುವ ಮುಕ್ತ ತಂತ್ರಾಂಶದ ಪೋರ್ಟಬಲ್ ಪ್ರತಿ ಇರುತ್ತದೆ. ಇನ್‌ಸ್ಟಾಲ್ ಮಾಡಬೇಕಿಲ್ಲ, ನನ್ನ ಸೆಟ್ಟಿಂಗ್‌ಗಳೂ ಅದರಲ್ಲೇ ಉಳಿಯುತ್ತವೆ. ಗಮನಿಸಿ: ಲಾಗಿನ್ ಪರದೆಯಲ್ಲೂ ಅಡ್ಮಿನ್ ಅನುಮತಿ ಕೇಳುವ ಪರದೆಯಲ್ಲೂ ಪೋರ್ಟಬಲ್ ಪ್ರತಿ ಮಾತಾಡುವುದಿಲ್ಲ. ಅಲ್ಲಿ ವಿಂಡೋಸ್, ಕಂಟ್ರೋಲ್, ಎಂಟರ್ ಕೀಗಳನ್ನು ಒಟ್ಟಿಗೆ ಒತ್ತಿ ವಿಂಡೋಸ್‌ನಲ್ಲೇ ಇರುವ, ಪರದೆ ಓದುವ ನರೇಟರ್ ಅನ್ನು ಕರೆಯಿರಿ.