ಪುಟ್ಟನ ಚಾಸಿ ಪ್ರಶ್ನೆಗೆ ದೊಡ್ಡಪ್ಪನ ಉತ್ತರ

ಪುಟ್ಟಾ, ನಿನ್ನ ಮೆಸೇಜು ಬೆಳಿಗ್ಗೆನೇ ನೋಡ್ದೆ ಕಣೋ. ಗ್ರೂಪಲ್ಲಿ ಎಲ್ರೂ ಹೆಬ್ಬೆಟ್ಟು ಒತ್ತಿದಾರೆ, ಬಾಯಿ ಬಿಟ್ಟವರು ಒಬ್ರೂ ಇಲ್ಲ. ಅಜ್ಜನ ಸಿಜೆ-3ಬಿ ಜೀಪಿನ ಚಾಸಿ, ಅಂದ್ರೆ ತಳದ ಕಬ್ಬಿಣದ ಚೌಕಟ್ಟು, ತುಕ್ಕು ತಿಂದಿದೆ, ಅದರ ಬದಲಿಗೆ ರೆಸ್ಟೋರ್ ಮಾಡಿದ ಚಾಸಿ ಸಿಗ್ತಿದೆ, ಒಂದೂವರೆ ಲಕ್ಷ ಹೇಳ್ತಿದಾರೆ, ತಗೊಂಡು ಕೈ ಸುಟ್ಕೊಂಡ್ರೆ ಅಂತ ಭಯ ಅಂದಿದೀಯ. ಭಯ ಇರ್ಲಿ, ಒಳ್ಳೇದೇ. ಬಣ್ಣ ನೋಡಿ ದುಡ್ಡು ಬಿಚ್ಚಬೇಡ, ಅಷ್ಟೇ.

ಗದ್ದೆಮನೆ ಜೀಪಿನದ್ದು ನಿಮಗೆಲ್ಲ ಗೊತ್ತಿರೋದೇ. ಅದಕ್ಕೂ ಹೀಗೇ "ಫುಲ್ ರೆಸ್ಟೋರ್" ಅಂತ ಹೇಳಿದ ಚಾಸಿ ತಂದು ಕೂರಿಸಿದ್ದೆ. ಯಾರ ಹತ್ರ ಅಂತ ಈಗ ಬೇಡ. ಕರೀ ಬಣ್ಣ, ಮುಖ ನೋಡ್ಕೊಂಡು ತಲೆ ಬಾಚಬಹುದಿತ್ತು. ಎರಡನೇ ಮಳೆಗಾಲ, ಆರು ಮೂಟೆ ಗೊಬ್ಬರ ಹೇರ್ಕೊಂಡು ತೋಟದ ಏರು ಹತ್ತುವಾಗ ಬಲಗಡೆ ಹಿಂದಿನ ಪ್ಲೇಟಿನ ಹ್ಯಾಂಗರು, ಅಂದ್ರೆ ಸ್ಪ್ರಿಂಗ್ ಪಟ್ಟಿಯನ್ನ ಚಾಸಿಗೆ ಹಿಡಿಯೋ ಕೊಂಡಿ, ಚಾಸಿ ತುಂಡಿನ ಸಮೇತ ಕಿತ್ಕೊಂಡು ಬಂತು. ಆಕ್ಸಲ್ ಓರೆಯಾಗಿ ಬ್ರೇಕ್ ಹೋಸು ಹರೀತು. ಹಳೇ ಜೀಪಿಗೆ ಬ್ರೇಕಿನ ಲೈನು ಒಂದೇ, ಹಿಂದೆ ಹೋದ್ರೆ ಮುಂದೂ ಹೋಯ್ತು. ದಾರಿ ಪಕ್ಕದ ಮಣ್ಣಿನ ಧರೆಗೆ ಒರಗಿಸಿ ನಿಲ್ಲಿಸಿದ್ದು.

ಆಮೇಲೆ ಉಳಿ ಹಿಡಿದು ಕೆರೆದ್ರೆ, ಮೇಲೆ ಬಣ್ಣ, ಅದರಡಿ ಪುಟ್ಟಿ, ಅದರಡಿ ಶೀಟಿನ ಪ್ಯಾಚು, ಪ್ಯಾಚಿನೊಳಗೆ ಹಳೇ ತುಕ್ಕು ಹಾಗೇ ಇದೆ! ಬೆರಳಲ್ಲಿ ಒತ್ತಿದ್ರೆ ಹಪ್ಪಳದ ಥರ ಪದರ ಪದರ ಏಳ್ತಿತ್ತು. ತುಕ್ಕು ತೆಗೀದೆ ಮೇಲೆ ತಗಡು ಬೆಸೆದ್ರೆ ಎರಡರ ನಡುವೆ ನೀರು ಕೂತು ಮೊದಲಿಗಿಂತ ಬೇಗ ತಿನ್ನತ್ತೆ. ನಮ್ಮ ಕಡೆ ಅದಕ್ಕೆ ಯೂರಿಯಾ, ಸಗಣಿ ಬೇರೆ. ವೆಲ್ಡಿಂಗನ್ನೂ ಆ ರೆಸ್ಟೋರ್ ಮಾಡಿದವನು ಅಡ್ಡಕ್ಕೆ ನೆಟ್ಟಗೆ ಗೆರೆ ಎಳೆದ ಹಾಗೆ ಹಾಕಿದ್ದ. ಚಾಸಿ ಬಳುಕೋ ವಸ್ತು ಕಣೋ, ಬಳುಕಿದಾಗ ಭಾರವೆಲ್ಲ ಆ ಒಂದು ಗೆರೆ ಮೇಲೇ ಬೀಳತ್ತೆ. ತಿಂದ ಭಾಗ ಪೂರ್ತಿ ಕತ್ತರಿಸಿ, ಅಷ್ಟೇ ದಪ್ಪದ ಕಬ್ಬಿಣದ ಹಾಳೆಯನ್ನ ಓರೆಯಾಗಿ ಸೇರಿಸಬೇಕು.

ಹೋಗಿ ನೋಡೋದಾದ್ರೆ ಆಯಸ್ಕಾಂತ, ಸಣ್ಣ ಸುತ್ತಿಗೆ, ಟೇಪು, ಗಾರೆಯವರ ತೂಗುಗುಂಡು ತಗೊಂಡು ಹೋಗು. ಆಯಸ್ಕಾಂತ ಜಾರಿದ ಕಡೆ ಪುಟ್ಟಿ ಇದೆ. ಸುತ್ತಿಗೆಯಲ್ಲಿ ಉದ್ದಕ್ಕೂ ಬಡಿ, ಟಣ್ ಅನ್ನಬೇಕು, ದಬ್ ಅಂದ ಕಡೆ ನಿಲ್ಲು. ಸ್ಟೇರಿಂಗ್ ಬಾಕ್ಸ್ ಕೂರೋ ಜಾಗದಲ್ಲಿ ಕೂದಲೆಳೆ ಬಿರುಕು ಹುಡುಕು, ಜೀಪಿನ ಚಾಸಿ ಸೀಳೋ ಜಾಗ ಅದು. ರಿವೆಟ್ ಇದ್ದ ಕಡೆ ಬೋಲ್ಟ್ ಹಾಕಿದ್ರೆ ತಲೆ ಮೇಲೆ 8.8 ಅಂತಾದ್ರೂ ಇರ್ಬೇಕು, ಗಟ್ಟಿ ಬೋಲ್ಟಿನ ಗುರುತು ಅದು, ಸಾದಾ ಬೋಲ್ಟ್ ಸಡಿಲ ಆಗತ್ತೆ. ಆಮೇಲೆ ಹ್ಯಾಂಗರ್ ತೂತುಗಳಿಂದ ಗುಂಡು ಇಳಿಬಿಟ್ಟು ಸಮ ನೆಲದ ಮೇಲೆ ಗುರುತು ಮಾಡಿ ಮೂಲೆಯಿಂದ ಮೂಲೆಗೆ ಅಳತೆ ಹಿಡಿ. ಎರಡಕ್ಕೂ ಕಾಲು ಇಂಚು ವ್ಯತ್ಯಾಸ ಬಂದ್ರೆ ಸೊಟ್ಟ. ಇನ್ನೊಂದು, ಬ್ಲಾಸ್ಟಿಂಗ್ ಆದ್ಮೇಲೆ, ಅಂದ್ರೆ ಮರಳು ಹೊಡೆದು ತುಕ್ಕು ತೆಗೆದ್ಮೇಲೆ, ಪ್ರೈಮರ್ ಹೊಡೆಯೋ ಮುಂಚೆ ತೆಗೆದ ಫೋಟೋ ಕೇಳು. ನಿಜವಾಗಿ ಕೆಲಸ ಮಾಡಿದವನ ಹತ್ರ ಇದ್ದೇ ಇರತ್ತೆ. ಇಲ್ಲ ಅಂದ್ರೆ ಎದ್ದು ಬಾ. ಮತ್ತೆ ಹೇಳ್ತೀನಿ, ಬಣ್ಣ ನೋಡಿ ದುಡ್ಡು ಬಿಚ್ಚಬೇಡ.

ಅಲ್ಲ, ಅಜ್ಜನ ಚಾಸಿಗೆ ಈ ಗತಿ ಯಾಕೆ ಬಂತು ಹೇಳು? ಶೆಡ್ಡಿನ ಹೆಂಚು ಸೋರ್ತಿದೆ, ನಾಲ್ಕು ಶೀಟು ಹಾಕ್ಸೋಣ ಅಂತ ನಿಮ್ಮಪ್ಪನಿಗೆ ಎಷ್ಟು ಸಲ ಹೇಳಿದೀನಿ. ಹಬ್ಬಕ್ಕೆ ಬಂದವರೆಲ್ಲ ಬಾನೆಟ್ ಮೇಲೆ ಮಕ್ಕಳನ್ನ ಕೂರಿಸಿ ಫೋಟೋ ತಗೊಂಡು ಹೋಗ್ತಾರೆ, ಹಿಂದಿನ ಸೀಟಲ್ಲಿ ಕೋಳಿ ಕಾವು ಕೂತಿದ್ದು ಯಾರಿಗೂ ಕಾಣ್ಲಿಲ್ಲ. ಆರ್‌ಸಿ ರಿನ್ಯೂವಲ್ ಮಾಡಿಸೋಕೆ ಐದು ವರ್ಷಕ್ಕೊಂದು ಸಲ ಆರ್‌ಟಿಓ ಮೆಟ್ಟಿಲು ಹತ್ತೋನು ನಾನೊಬ್ಬನೇ...

ಅಯ್ಯೋ, ಆರ್‌ಸಿ ಅಂದಾಗ ನೆನಪಾಯ್ತು ನೋಡು, ಮುಖ್ಯವಾದ್ದೇ ಬಿಟ್ಟೆ. ಆರ್‌ಸಿಯಲ್ಲಿರೋ ನಂಬರು ಹಳೇ ಚಾಸಿ ಮೇಲೆ ಹೊಡೆದಿರೋದು. ಬೇರೆ ಚಾಸಿ ಕೂರಿಸಿದ್ರೆ ಕಾಗದದಲ್ಲಿ ಅದು ಅಜ್ಜನ ಜೀಪೇ ಅಲ್ಲ. ನಂಬರ್ ತುಂಡು ಕತ್ತರಿಸಿ ಹೊಸದಕ್ಕೆ ಬೆಸೀತೀನಿ, ಪಂಚ್ ಮಾಡ್ಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ ಕೈ ಮುಗಿದು ಬಾ, ಅದು ಪೊಲೀಸ್ ಕೇಸು. ನಮ್ಮ ಜೀಪಿಗೆ 50 ವರ್ಷ ದಾಟಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 20,000 ಕಟ್ಟಿ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, ಹತ್ತು ವರ್ಷಕ್ಕೆ, ನಂಬರು ಹಳೇದೇ ಉಳಿಯತ್ತೆ. ಆದ್ರೆ ಚಾಸಿ, ಬಾಡಿ, ಎಂಜಿನ್ ಮೂಲದ್ದೇ ಇರ್ಬೇಕು ಅಂತ ಅದರಲ್ಲಿದೆ. ಆಮೇಲೆ ದಿನಾ ಪೇಟೆಗೆ ಓಡಿಸೋ ಹಾಗಿಲ್ಲ, ಅದೂ ಗೊತ್ತಿರ್ಲಿ. ಹಾಗಾಗಿ ಒಂದೂವರೆ ಲಕ್ಷ ಅಲ್ಲಿ ಸುರಿಯೋ ಮುಂಚೆ ನಮ್ಮದನ್ನೇ ಬಾಡಿ ಇಳಿಸಿ ನೋಡೋಣ. ನಾಲ್ಕು ಜನ ಸಾಕು ಎತ್ತೋಕೆ. ತಿಂದಿರೋದು ಹಿಂದಿನ ಅಡ್ಡಪಟ್ಟಿ, ಹ್ಯಾಂಗರ್ ಹತ್ರ ಮಾತ್ರ ಆಗಿದ್ರೆ ರಿಪೇರಿ ಆಗತ್ತೆ.

ಭಾನುವಾರ ಬಾ. ಮೊದಲು ವೈರ್ ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿ ನಂಬರ್ ಹುಡುಕು, ಗ್ರೈಂಡರ್ ಹಚ್ಚಬೇಡ, ಅಕ್ಷರ ಅಳಿಸಿಹೋಗತ್ತೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗಿ. ಆರ್‌ಸಿ ದೇವರ ಕೋಣೆ ಪೆಟ್ಟಿಗೆಯಲ್ಲಿದೆ. ಟಾರ್ಚಿಗೆ ಸೆಲ್ ಮಾತ್ರ ನೀನೇ ತಗೊಂಡು ಬಾ.