ಪದಚರ್ಚೆ: ‘ಡ್ರಮ್ಮರ್ಸ್ ಚಾಪೆಲ್’ ಕನ್ನಡದಲ್ಲಿ ಹೇಗೆ?

ಪ್ರಶ್ನೆ: ಬೆಂಗಳೂರು ಕೋಟೆಯೊಳಗಿದ್ದು ಈಗ ಇಲ್ಲವಾದ ಇಂಗ್ಲಿಷರ ಚರ್ಚಿನ ಬಗ್ಗೆ ಒಂದು ಟಿಪ್ಪಣಿ ಸಿದ್ಧವಾಗುತ್ತಿದೆ. ಅದಕ್ಕೆ ‘ಡ್ರಮ್ಮರ್ಸ್ ಚಾಪೆಲ್’ ಎಂಬ ಹೆಸರೂ ಇತ್ತು. ‘ತಮಟೆಯವರ ಇಗರ್ಜಿ’ ಎನ್ನಬಹುದೇ? ‘ಈ ಚರ್ಚನ್ನು ಚಾಮರಾಜಪೇಟೆಗೆ ಸ್ಥಳಾಂತರಿಸಲಾಯಿತು’ ಎಂಬ ವಾಕ್ಯ ಸರಿಯೇ?

ಉತ್ತರ: ಎರಡೂ ಬೇಡ.

ಮೊದಲು ತಮಟೆ. ಅದು ಬಳೆಗೆ ಒಂದೇ ಕಡೆ ಚರ್ಮ ಬಿಗಿದ ವಾದ್ಯ. ಎದೆಗೋ ಹೆಗಲಿಗೋ ಒತ್ತಿ ಹಿಡಿದು, ಒಂದು ಗಿಡ್ಡ, ಒಂದು ಉದ್ದ ಕಡ್ಡಿಯಿಂದ ಬಾರಿಸುತ್ತಾರೆ. ನಗಾರಿಗೆ ಬೋಗುಣಿಯಂಥ ಒಡಲು. ಬ್ರಿಟಿಷ್ ಕಾಲಾಳು ಪಡೆಯ ಡ್ರಮ್ಮು ಇವೆರಡೂ ಅಲ್ಲ. ಅದು ಸೊಂಟದ ಪಕ್ಕಕ್ಕೆ ಇಳಿಬಿಟ್ಟ, ಎರಡೂ ಬದಿ ಚರ್ಮವಿದ್ದ ಡೋಲು. ಕೆಳಚರ್ಮದ ಮೇಲೆ ಪ್ರಾಣಿಯ ಕರುಳಿನ ತಂತಿ ಎಳೆದಿರುತ್ತಿತ್ತು. ಬಾರಿಸುವವನ ಕೆಲಸವೂ ಬರಿಯ ಮೇಳದ್ದಲ್ಲ. ಬೆಳಗ್ಗೆ ಎಬ್ಬಿಸುವುದು, ರಾತ್ರಿ ಬ್ಯಾರಕ್ಕಿಗೆ ಕರೆಯುವುದು, ಆಜ್ಞೆಯನ್ನು ಸದ್ದಿನಲ್ಲಿ ದಾಟಿಸುವುದು, ಶಿಕ್ಷೆಯಾದವನಿಗೆ ಚಾಟಿ ಬೀಸುವುದು ಕೂಡ ಅವನದೇ. ಹಾಗಾಗಿ ‘ಡ್ರಮ್ಮರ್ಸ್ ಚಾಪೆಲ್’ ಅಂಕಿತನಾಮವೆಂದು ಹಾಗೆಯೇ ಇಟ್ಟು, ಮೊದಲ ಸಲ ಬಂದಾಗ ‘ಪಡೆಯ ಡ್ರಮ್ ಬಾರಿಸುವವರ ಪ್ರಾರ್ಥನಾಲಯ’ ಎಂದು ಬಿಡಿಸಿ ಹೇಳಿದರೆ ಸಾಕು.

‘ಇಗರ್ಜಿ’ ಪೋರ್ಚುಗೀಸಿನ ಮೂಲಕ ಕರಾವಳಿಗೆ ಬಂದ ಮಾತು, ಕೊಂಕಣಿ ಕ್ಯಾಥೊಲಿಕರ ಬಾಯಲ್ಲಿ ಅದಕ್ಕೆ ಕಳೆ. ಕೋಟೆಯದು ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಚರ್ಚಿಗೆ ಸೇರಿದವರ, ಆರಾಧನಾ ಸ್ಥಳ, ಅದೂ ಬಯಲುಸೀಮೆಯಲ್ಲಿ. ‘ಕೋಟೆ ಚರ್ಚು’ ಎಂದರೆ ಯಾರಿಗೂ ತೊಡಕಿಲ್ಲ. ಸೈನ್ಯದ್ದೆಂದು ತೋರಿಸಲು ಹೋಗಿ ‘ದಂಡಿನ ಚರ್ಚು’ ಎಂದು ಮಾತ್ರ ಬರೆಯಬೇಡಿ. 1809ರ ಹೊತ್ತಿಗೆ ಹಲಸೂರಿನ ಬದಿಯಲ್ಲಿ ಕಂಟೋನ್ಮೆಂಟು ನೆಲೆಗೊಂಡ ಮೇಲೆ ಬೆಂಗಳೂರಿನಲ್ಲಿ ‘ದಂಡು’ ಎಂದರೆ ಅದೇ. ರೈಲು ನಿಲ್ದಾಣದ ಫಲಕದಲ್ಲೂ ‘ಬೆಂಗಳೂರು ದಂಡು’ ಎಂದೇ ಇದೆ. ದಂಡಿನ ಚರ್ಚು ಎಂದಕೂಡಲೇ ಓದುಗರ ಮನಸ್ಸು ಕಂಟೋನ್ಮೆಂಟಿನ ಹಳೆಯ ಚರ್ಚಾದ ಸೇಂಟ್ ಮಾರ್ಕ್ಸ್ ಕಡೆಗೆ ಹೋಗುತ್ತದೆ.

ಇನ್ನು ಆ ವಾಕ್ಯ. ನಿಜವಾದ ಗೊಂದಲ ಇರುವುದು ಇಲ್ಲೇ. ಚರ್ಚು ಎಂಬ ಒಂದೇ ಮಾತು ಕಟ್ಟಡಕ್ಕೂ ಅಲ್ಲಿ ಕೂಡುವ ಜನಕ್ಕೂ ಸಲ್ಲುತ್ತದೆ. ಕನ್ನಡ ಪ್ರಾಟೆಸ್ಟೆಂಟರು ಜನಕ್ಕೆ ‘ಸಭೆ’, ಕಟ್ಟಡಕ್ಕೆ ‘ದೇವಾಲಯ’ ಎಂದು ಬೇರೆ ಬೇರೆಯಾಗಿ ಬಳಸುತ್ತಾರೆ. ಪಾದ್ರಿಯನ್ನು ‘ಸಭಾಪಾಲಕ’ ಎನ್ನುವುದು ಅದರಿಂದಲೇ. ಕೋಟೆಯಲ್ಲಿ ಆದದ್ದು ಇಷ್ಟು: ವಾಣಿವಿಲಾಸ ಆಸ್ಪತ್ರೆಗಾಗಿ ಮೈಸೂರು ಸರ್ಕಾರ ಆ ಜಾಗ ಪಡೆಯಿತು, ಹಳೆಯ ಕಟ್ಟಡವನ್ನು ಕೆಡವಲಾಯಿತು, ಬದಲಿ ನಿವೇಶನ ಚಾಮರಾಜಪೇಟೆಯಲ್ಲಿ ಸಿಕ್ಕಿತು. ಅಲ್ಲಿ ಎದ್ದದ್ದು ಸೇಂಟ್ ಲ್ಯೂಕ್ಸ್, ಈಗ ಸಿ.ಎಸ್.ಐ.ಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದೆ. ಅಂದರೆ ಸಭೆ ಹೋಯಿತು, ದೇವಾಲಯ ಹೋಗಲಿಲ್ಲ. ‘ಚರ್ಚನ್ನು ಸ್ಥಳಾಂತರಿಸಲಾಯಿತು’ ಎಂದರೆ ಕಲ್ಲು ತೊಲೆಗಳನ್ನೇ ಹೊತ್ತುಕೊಂಡು ಹೋದರೇನೋ ಎನಿಸುತ್ತದೆ. ‘ಕೋಟೆ ಚರ್ಚನ್ನು ಕೆಡವಿದ ಮೇಲೆ ಅದರ ಸಭೆಗೆ ಚಾಮರಾಜಪೇಟೆಯಲ್ಲಿ ಹೊಸ ದೇವಾಲಯವಾಯಿತು’ ಎಂದು ಬರೆಯಿರಿ.

ಹೀಗೆ ಬಿಡಿಸದಿದ್ದರೆ ಇಸವಿಗಳೂ ಕೆಡುತ್ತವೆ. ‘ಚಾಮರಾಜಪೇಟೆಯ ಈ ಚರ್ಚು 19ನೇ ಶತಮಾನದ ಆರಂಭದ್ದು’ ಎಂಬಂಥ ಸಾಲು ಹುಟ್ಟುವುದು ಹೀಗೆಯೇ. ಆ ಬಡಾವಣೆಯ ವಿನ್ಯಾಸವಾದದ್ದೇ 1892ರಲ್ಲಿ!

‘ಕೋಟೆಯೊಳಗೆ’ ಎಂಬುದಕ್ಕೂ ಒಂದು ಮಾತು ಸೇರಿಸಿ. ಇಂದಿನವರಿಗೆ ಕೋಟೆ ಎಂದರೆ ಮಾರುಕಟ್ಟೆಯ ಹತ್ತಿರ ಉಳಿದಿರುವ ದೆಹಲಿ ಬಾಗಿಲಿನ ತುಂಡು. ಅದರೊಳಗೆ ಚರ್ಚಿಗೆ ಜಾಗವೆಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ವಾಣಿವಿಲಾಸ ಆಸ್ಪತ್ರೆ, ಟಿಪ್ಪು ಅರಮನೆ, ಕೋಟೆ ವೆಂಕಟರಮಣಸ್ವಾಮಿ ಗುಡಿ ಇವೆಲ್ಲ ಹಳೆಯ ಕೋಟೆಯ ನೆಲ ಎಂದರೆ ಚಿತ್ರ ಸಿಗುತ್ತದೆ.

ಮರುಪ್ರಶ್ನೆ: ಧನ್ಯವಾದ. ಹಾಗಾದರೆ ಸೇಂಟ್ ಲ್ಯೂಕ್ಸ್ 1935ರಲ್ಲಿ ‘ಉದ್ಘಾಟನೆ’ಯಾಯಿತು ಎನ್ನಲೇ, ‘ಪ್ರತಿಷ್ಠೆ’ಯಾಯಿತು ಎನ್ನಲೇ?

ಉತ್ತರ: ಪ್ರತಿಷ್ಠೆ. ಕನ್ನಡ ಬೈಬಲಿನಲ್ಲೂ ‘ಪ್ರತಿಷ್ಠಿಸು’ ಎಂಬ ಕ್ರಿಯಾಪದವೇ ಇದೆ. ಮೂರ್ತಿಪ್ರತಿಷ್ಠೆಯ ನೆನಪು ಬರುತ್ತದೆಂದು ಹಿಂಜರಿಯಬೇಕಿಲ್ಲ. ಉದ್ಘಾಟನೆ ಬಾಗಿಲು ತೆರೆಯುವ ಸಮಾರಂಭ, ಯಾರು ಬೇಕಾದರೂ ಮಾಡಬಹುದು. ಪ್ರತಿಷ್ಠೆ ಬಿಷಪರು ಆ ಸ್ಥಳವನ್ನು ದೇವರಿಗೆಂದು ಮೀಸಲಿಡುವ ವಿಧಿ, ಕಟ್ಟಡ ಮುಗಿದ ಎಷ್ಟೋ ಕಾಲದ ಮೇಲೂ ಆಗಬಹುದು. ಸೇಂಟ್ ಮಾರ್ಕ್ಸ್ ಕಟ್ಟಿ ಮುಗಿದದ್ದು 1812ರಲ್ಲಿ, ಪ್ರತಿಷ್ಠೆಯಾದದ್ದು 1816ರಲ್ಲಿ. ಆದ್ದರಿಂದ ಟಿಪ್ಪಣಿಯಲ್ಲಿ ಯಾವ ಇಸವಿ ಕೊಟ್ಟರೂ ಅದು ಅಸ್ತಿವಾರದ್ದೋ, ಮುಕ್ತಾಯದ್ದೋ, ಪ್ರತಿಷ್ಠೆಯದೋ ಎಂದು ಪಕ್ಕದಲ್ಲೇ ಹೇಳಿಬಿಡಿ.