ಪದಚರ್ಚೆ: ‘ಪರಿಹಾರ’ ಎಂದರೆ ನೆರವೋ, ನಿವಾರಣೆಯೋ?

ಪ್ರಶ್ನೆ:
ಬಲ್ಲವರಲ್ಲಿ ಒಂದು ಕೇಳಿಕೆ. ಬ್ರಿಟನ್ನಿನ ಲಿಬರಲ್ ಸರಕಾರ 1906ರಿಂದ 1914ರವರೆಗೆ ತಂದ ಸುಧಾರಣೆಗಳ ಕುರಿತ ಬರಹವೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಪೂರ್ ರಿಲೀಫ್’, ‘ಕಾಂಪೆನ್ಸೇಶನ್’, ‘ಸಲ್ಯೂಶನ್’ ಮೂರಕ್ಕೂ ‘ಪರಿಹಾರ’ ಎಂದೇ ಇದೆ. “ಪರಿಹಾರ ಪಡೆದವರಿಗೆ ಪಿಂಚಣಿ ಇರಲಿಲ್ಲ, ಬಡತನಕ್ಕೆ ಪರಿಹಾರವೂ ಸಿಗಲಿಲ್ಲ” ಎಂಬ ವಾಕ್ಯ ಓದುಗರಿಗೆ ತಿಳಿದೀತೆ? ‘ಓಲ್ಡ್ ಏಜ್ ಪೆನ್ಶನ್’ಗೆ ಮಾಸಾಶನ, ‘ಔಟ್‌ಡೋರ್ ರಿಲೀಫ್’ಗೆ ಹೊರಾಂಗಣ ಪರಿಹಾರ ಸರಿಯೆ?

ಉತ್ತರ:
ತಿಳಿಯುವುದಿಲ್ಲ. ‘ಪರಿಹಾರ’ದ ಹಳೆಯ ಅರ್ಥ ಹೋಗಲಾಡಿಸುವುದು: ದೋಷಪರಿಹಾರ, ದಣಿವು ಪರಿಹಾರ. ‘ಬರ ಪರಿಹಾರ’ ಎಂದಾಗ ನಾವು ಹಣವೆಂದೇ ಓದಿಕೊಳ್ಳುತ್ತೇವೆ, ಏಕೆಂದರೆ ಬರ ನಮಗೆ ಗೊತ್ತು. 1908ರ ಇಂಗ್ಲೆಂಡಿನ ಬಗ್ಗೆ ಓದುವವರಿಗೆ ಆ ಆಸರೆ ಇಲ್ಲ. ‘ರಿಲೀಫ್’ಗೆ ನೆರವು ಎನ್ನಿ, ‘ಸಲ್ಯೂಶನ್’ಗೆ ನಿವಾರಣೆ ಎನ್ನಿ. 1906ರ ಕಾರ್ಮಿಕರ ಕಾಯ್ದೆಗೆ ಮಾತ್ರ ‘ಪರಿಹಾರ’ ಉಳಿಯಲಿ. ಅಲ್ಲಿ ಕೆಲಸದಲ್ಲಿ ಗಾಯಗೊಂಡವನಿಗೆ ಮಾಲೀಕ ವಾರದ ಕೂಲಿಯ ಅರ್ಧ, ಹೆಚ್ಚೆಂದರೆ 1 ಪೌಂಡ್ (20 ಶಿಲಿಂಗ್) ಕೊಡಬೇಕಿತ್ತು.

‘ಹೊರಾಂಗಣ’ ಪೂರಾ ತಪ್ಪು, ಅದು ಆಟದ ಮೈದಾನದ ಮಾತು. ‘ಔಟ್‌ಡೋರ್’ ಎಂದರೆ ವರ್ಕ್‌ಹೌಸಿನ (ಬಡವರನ್ನು ಇರಿಸಿ ದುಡಿಸುತ್ತಿದ್ದ ಆಶ್ರಯದ) ಹೊರಗೆ, ಅಂದರೆ ತನ್ನ ಮನೆಯಲ್ಲಿ. ‘ಮನೆಯಲ್ಲಿದ್ದು ಪಡೆಯುವ ನೆರವು’ ಉದ್ದವಾದರೂ ಸರಿ. ‘ವರ್ಕ್‌ಹೌಸ್’ ಹಾಗೆಯೇ ಇರಲಿ: ‘ಅನಾಥಾಲಯ’ ಎಂದರೆ ಕರುಣೆಯ ಜಾಗದಂತೆ ಕೇಳುತ್ತದೆ, 1834ರ ಬಡವರ ಕಾಯ್ದೆಯ ಉದ್ದೇಶವೋ ಜನ ಅಲ್ಲಿಗೆ ಬರಲು ಹೆದರಬೇಕೆಂಬುದು.

‘ಮಾಸಾಶನ’ದ ತೊಡಕು ಮೊದಲ ಅಕ್ಷರದಲ್ಲೇ ಇದೆ. 1909ರ ಜನವರಿ 1ರಿಂದ ಅಂಚೆ ಕಚೇರಿಯಲ್ಲಿ ಕೈಗೆ ಬಂದದ್ದು ವಾರದ ಹಣ: 70 ತುಂಬಿದವರಿಗೆ ವಾರಕ್ಕೆ 5 ಶಿಲಿಂಗ್. ವರ್ಷದ ಆದಾಯ 21 ಪೌಂಡ್ ದಾಟಿದರೆ ಮೊತ್ತ ಇಳಿಯುತ್ತಿತ್ತು, 31 ಪೌಂಡ್ 10 ಶಿಲಿಂಗ್ ದಾಟಿದರೆ ಏನೂ ಇಲ್ಲ. ‘ನಿವೃತ್ತಿ ವೇತನ’ವೂ ಹೊಂದದು, ದುಡಿಮೆ ಬಿಡಬೇಕೆಂಬ ಷರತ್ತೇ ಇರಲಿಲ್ಲ. ‘ವೃದ್ಧಾಪ್ಯ ಪಿಂಚಣಿ’ ಸಾಕು. ನಿಮ್ಮ ವಾಕ್ಯಕ್ಕೆ ಒಂದು ತಿದ್ದುಪಡಿ: 1908ರ ಜನವರಿ 1ರ ನಂತರ ಬಡವರ ನೆರವು (ಪೂರ್ ರಿಲೀಫ್) ಪಡೆದವರಿಗೆ ಪಿಂಚಣಿ ಇಲ್ಲವೆಂಬ ನಿರ್ಬಂಧ 1910ರ ಕೊನೆಗೆ ತೆರವಾಯಿತು. ತೀರ ಬಡವರನ್ನೇ ಮೊದಲೆರಡು ವರ್ಷ ಹೊರಗಿಟ್ಟದ್ದು ದೊಡ್ಡ ಅನ್ಯಾಯ, ಬರಹದಲ್ಲಿ ಅದು ಎದ್ದು ಕಾಣಲಿ.

ಬಡತನ ‘ನಿವಾರಣೆಯಾಯಿತು’ ಎನ್ನಬಹುದೇ ಎಂಬುದಕ್ಕೆ ಅಳತೆ ಸಿಗುತ್ತದೆ. 1899ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಬಡತನದ ಸಮೀಕ್ಷೆ ನಡೆಸಿದ ಸೀಬೋಮ್ ರೌನ್‌ಟ್ರೀ ಲೆಕ್ಕ ಹಾಕಿದಂತೆ ಒಬ್ಬಂಟಿ ಬದುಕಲು ವಾರಕ್ಕೆ 7 ಶಿಲಿಂಗ್ ಬೇಕು, ಗಂಡ ಹೆಂಡತಿ ಮೂವರು ಮಕ್ಕಳಿಗೆ 21 ಶಿಲಿಂಗ್ 8 ಪೆನ್ಸ್. ಪಿಂಚಣಿ 5. 1911ರ ರಾಷ್ಟ್ರೀಯ ವಿಮಾ ಕಾಯ್ದೆಯಲ್ಲಿ ಕಾಯಿಲೆ ಬಿದ್ದ ಗಂಡಸಿಗೆ 26 ವಾರಗಳವರೆಗೆ ವಾರಕ್ಕೆ 10 ಶಿಲಿಂಗ್. ವೈದ್ಯರು ನೋಡುವುದು ಅವನನ್ನಷ್ಟೇ, ಹೆಂಡತಿ ಮಕ್ಕಳನ್ನಲ್ಲ. ಕೆಲವೇ ಕಸುಬುಗಳ ನಿರುದ್ಯೋಗಿಗೆ ವಾರಕ್ಕೆ 7 ಶಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಅಷ್ಟರಲ್ಲಿ ಬೆಲೆಗಳೂ ಏರಿದ್ದವು.

ಇದಕ್ಕಿಂತ ಗಟ್ಟಿ ಕಾರಣ ಅದೇ ಸಮೀಕ್ಷೆಯಲ್ಲಿದೆ. ಬದುಕಲು ಬೇಕಾದಷ್ಟು ಆದಾಯವೇ ಇಲ್ಲದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಷ್ಟಕ್ಕೆ ಕಾರಣ, ದಿನವೂ ದುಡಿಯುವವನ ಕೂಲಿ ಕಡಿಮೆ ಇದ್ದದ್ದು. ಮುಪ್ಪು, ಕಾಯಿಲೆ, ಕೆಲಸ ಇಲ್ಲದಿರುವುದು ಎಲ್ಲ ಸೇರಿ ಸುಮಾರು ಶೇ. 10. ಕನಿಷ್ಠ ಕೂಲಿ ಗೊತ್ತುಮಾಡಲು ಬಂದ 1909ರ ಟ್ರೇಡ್ ಬೋರ್ಡ್ ಕಾಯ್ದೆ ಮೊದಲಿಗೆ ನಾಲ್ಕೇ ಕಸುಬುಗಳಿಗೆ ಅನ್ವಯಿಸಿತು. ವಿಧವೆಯರ ಪಿಂಚಣಿಗೆ 1925ರವರೆಗೆ ಕಾಯಬೇಕಾಯಿತು.

ಹಾಗೆಂದು ‘ವಿಫಲ’ ಎನ್ನಬೇಡಿ. ಮಕ್ಕಳ ಮನೆಯಲ್ಲಿದ್ದ ಮುದುಕಿಯ ಕೈಗೆ ವಾರವಾರ ಬಂದ 5 ಶಿಲಿಂಗ್, ಅವಳನ್ನು ವರ್ಕ್‌ಹೌಸಿನ ಬಾಗಿಲಿನಿಂದ ದೂರ ಇಡುವಷ್ಟು ತೂಕದ್ದು. ಇಂಥದಕ್ಕೆ ವೈದ್ಯದಲ್ಲಿ ‘ಉಪಶಮನ’ ಎನ್ನುತ್ತಾರೆ: ನೋವು ತಗ್ಗಿದೆ, ರೋಗ ಇದೆ. ವಾಕ್ಯ ಹೀಗಿರಲಿ: “ಸುಧಾರಣೆಗಳು ಬಡತನವನ್ನು ಉಪಶಮನಗೊಳಿಸಿದವು, ನಿವಾರಿಸಲಿಲ್ಲ.”